ಕಟ್ಟುಗೈ

ನಮ್ಮ ಊರಿನಲ್ಲಿ ಪ್ರಯಾಣ ಹೊರಟವರು ತಮ್ಮ ಬುತ್ತಿಯನ್ನು ತಾವೇ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಂಡರೆ ಮರುದಿನವೇ ಹಳಸುತ್ತದೆ. ಖಡಕ್ ರೊಟ್ಟಿಗೂ ಬೂಷ್ಟು ಹಿಡಿಯುತ್ತದೆ, ವರ್ಷಗಟ್ಟಲೆ ಭರಣಿಯಲ್ಲಿದ್ದ ಉಪ್ಪಿನಕಾಯಿಯೂ ನೊರೆ ಬಿಡುತ್ತದೆ. ಬುತ್ತಿ ತಡೆಯಬೇಕಾದರೆ ಅದಕ್ಕೆಂದೇ ಒಂದು ಕೈ ಬೇಕು. ಅಂಥ ಕೈಯಿರುವ ಹೆಂಗಸಿಗೆ ನಮ್ಮಲ್ಲಿ ಕಟ್ಟುಗೈ ಎಂದು ಹೆಸರು. ಅವಳು ಕಟ್ಟಿಕೊಟ್ಟ ಗಂಟು ಎಷ್ಟು ದಿನ ಬಿಸಿಲಲ್ಲಿದ್ದರೂ ಕೆಡುವುದಿಲ್ಲ. ಆದರೆ ಬುತ್ತಿ ಹೊರಗಿರುವಷ್ಟು ದಿನ ಅವಳು ಊರ ಗಡಿಕಲ್ಲು ದಾಟಬಾರದು. ದಾಟಿದಳೋ, ಅದೇ ಗಳಿಗೆಗೆ ಅಷ್ಟು ದೂರದಲ್ಲಿರುವ ಗಂಟಿನೊಳಗೆ ಅನ್ನ ಹಳಸಿ ನೂಲು ಬಿಡುತ್ತದೆ. ಈ ಕೈ ಎಲ್ಲ ಹೆಂಗಸರಿಗೂ ಇರುವುದಿಲ್ಲ ಎನ್ನುತ್ತಾರೆ, ಗಂಡಸರಿಗಂತೂ ಇಲ್ಲವೇ ಇಲ್ಲ ಎನ್ನುತ್ತಾರೆ. ಹಾಗೆ ಎನ್ನುವವರು ಯಾರು ಎಂದು ಕೇಳುತ್ತೀರಾ? ಬುತ್ತಿ ಬಿಚ್ಚಿಕೊಂಡು ತಿನ್ನುವವರೇ.

ಊರು ಇದಕ್ಕೆ ಚೆನ್ನಾಗಿ ಒಗ್ಗಿಕೊಂಡಿದೆ. ಶಾಲೆಯ ಮಾಸ್ತರು ಒಂಟಿ ಮನುಷ್ಯ, ಪರೀಕ್ಷೆಯ ಕೆಲಸಕ್ಕೆ ಹೊರಗೆ ಹೋಗುವಾಗ ತಾವೇ ಅವಲಕ್ಕಿ ಹಚ್ಚಿಕೊಂಡು, ಡಬ್ಬಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಾರೆ. ಕಟ್ಟುಗೈಯಾದ ನಾನು ಮುಚ್ಚಳ ತೆಗೆದು ಮತ್ತೆ ಒತ್ತಿಕೊಟ್ಟರೆ ಸಾಕು, ಕೊನೆಗೆ ಯಾರ ಕೈ ಬಿದ್ದಿತೋ ಅವರದೇ ಲೆಕ್ಕ. ಲಾರಿ ಓಡಿಸುವವರ ಮನೆಯಲ್ಲಿ ಸೊಸೆ ತರುವಾಗ ಅವಳಿಗೆ ಹಾಡು ಬರುತ್ತದೆಯೇ, ಕಸೂತಿ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ಕೈ ನೋಡುತ್ತಾರೆ. ಕೈ ನೋಡುವುದೆಂದರೆ ಹೊಸ ಸೊಸೆಯಿಂದ ಒಂದು ಗಂಟು ಕಟ್ಟಿಸಿಕೊಂಡು ಗಂಡಸರು ಊರೂರು ಸುತ್ತಿ ಬಂದು, ಗಡಿಕಲ್ಲಿನ ಹತ್ತಿರ ನಿಂತು, ಬಿಚ್ಚಿ ಮೂಸಿ ನೋಡುವುದು. ಕೆಡದಿದ್ದರೆ ಅವಳಿಗೆ ಕೈತುಂಬ ಹಸಿರು ಬಳೆ, ಹಬ್ಬದಲ್ಲಿ ಎಲ್ಲರಿಗಿಂತ ಮೊದಲು ಅರಿಶಿನ ಕುಂಕುಮ, ಜೊತೆಗೆ ಜೀವಮಾನವಿಡೀ ಮನೆಕಾವಲು. ಕೆಟ್ಟರೆ ಒಂದಷ್ಟು ದಿನ ಮೂದಲಿಕೆ, ಆಮೇಲೆ ಬೇಕಾದಲ್ಲಿಗೆ ತಿರುಗಾಟ.

ನನ್ನ ಹೆಸರು ಲೀಲಾ. ಮದುವೆಯಾಗಿ ಬಂದ ವಾರದಲ್ಲೇ ನನ್ನ ಕೈ ನೋಡಿದರು. ಗಂಟಿನಲ್ಲಿದ್ದ ಮೊಸರನ್ನ ಆಗ ತಾನೇ ಕಲಸಿದ ಹಾಗಿತ್ತಂತೆ. ನನ್ನ ಗಂಡನ ಅಣ್ಣ ಮಹಾರುದ್ರಪ್ಪ, ಅಂದರೆ ನನ್ನ ಭಾವ, ಆ ಗಂಟನ್ನು ಎತ್ತಿ ಹಿಡಿದು ಇಡೀ ಓಣಿಗೆ ತೋರಿಸಿದರು. ಪಕ್ಕದ ಮನೆಯ ತುಂಗವ್ವ ಮಾತ್ರ ನನ್ನ ಕೆನ್ನೆ ಸವರಿ ಹೋದಳು. ಅವಳು ಆ ಓಣಿಯ ಹಳೆಯ ಕಟ್ಟುಗೈ. ಭಾವನ ಹೆಂಡತಿ ದಾನಮ್ಮ ನನಗಿಂತ ಮೊದಲೇ ಆ ಮನೆ ಸೇರಿದವಳು, ಆದರೆ ಅವಳ ಗಂಟು ಕೆಟ್ಟಿತ್ತು. ಕೈಯಿಲ್ಲದ ದಾನಮ್ಮ ಎಂದು ಅತ್ತೆ ಸಾಯುವವರೆಗೂ ಅವಳನ್ನು ಜರೆದರು. ಜರೆಸಿಕೊಂಡೇ ದಾನಮ್ಮ ಪ್ರತಿ ವರ್ಷ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬಿಳಿಬಯಲಿಗೆ ಹೋದಳು.

ಬಿಳಿಬಯಲಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಊರಿನವರು ತಾಡಪಾಲು, ಕಂಬಳಿ, ನೀರಿನ ಕ್ಯಾನು ಹೇರಿಕೊಂಡು ಅಲ್ಲಿಗೆ ಹೋಗಿ ಒಂದು ವಾರ ಬಿಡಾರ ಹೂಡುತ್ತಾರೆ. ಕೊನೆಯ ಚಹಾದ ಅಂಗಡಿ ದಾಟಿದ ಮೇಲೂ ಒಂದು ದಿನದ ದಾರಿ. ಅಲ್ಲಿ ಬಾವಿ ಇಲ್ಲ, ಗಿಡ ಇಲ್ಲ, ಒಲೆ ಹೊತ್ತಿಸೋಣವೆಂದರೆ ಗಾಳಿ ಬಿಡುವುದಿಲ್ಲ. ಒಯ್ದದ್ದೇ ಊಟ. ಅಲ್ಲಿ ಅಂಥದ್ದೇನಿದೆ ಎಂದು ನಾನು ಪ್ರತಿ ವರ್ಷ ಕೇಳುತ್ತಿದ್ದೆ. ನನ್ನ ಗಂಡ ಬಸಲಿಂಗ ಕೆಟ್ಟವನಲ್ಲ, ಅಣ್ಣ ಹಾಕಿದ ಗೆರೆ ದಾಟದ ಮನುಷ್ಯ ಅಷ್ಟೇ. ಅವನು ಅಲ್ಲಿಂದ ನನಗೆಂದು ಒಂದು ಬಿಳಿ ಕಲ್ಲು ತರುತ್ತಿದ್ದ. ಅದನ್ನು ನನ್ನ ಅಂಗೈಯಲ್ಲಿಟ್ಟು, "ಹೇಳಿದ್ರ ತಿಳಿಯೂದಲ್ಲ ಲೀಲಾ, ನೋಡಬೇಕು," ಎನ್ನುತ್ತಿದ್ದ. ಭಾವನೂ ಅದನ್ನೇ ಹೇಳುತ್ತಿದ್ದರು, ದಾನಮ್ಮನೂ ಅದನ್ನೇ ಹೇಳುತ್ತಿದ್ದಳು. ಆ ಕಲ್ಲುಗಳನ್ನು ನಾನು ಉಪ್ಪಿನಕಾಯಿ ಭರಣಿಯೊಳಗೆ ಹೋಳು ಮೇಲೇಳದಂತೆ ಭಾರಕ್ಕೆ ಇಡುತ್ತಿದ್ದೆ. ನೋಡಲೇಬೇಕಾದ್ದನ್ನು ನೋಡಲು ಬಿಡದೆ, ಹೇಳಲೂ ಒಲ್ಲದೆ ಕಲ್ಲು ತಂದುಕೊಟ್ಟರೆ ಅದನ್ನು ಇನ್ನೆಲ್ಲಿಡಬೇಕು?

ಬುತ್ತಿ ಕಟ್ಟುವುದೆಂದರೆ ಬಟ್ಟೆಗೆ ಗಂಟು ಹಾಕುವುದು ಎಂದುಕೊಂಡಿದ್ದಾರೆ ತಿನ್ನುವವರು. ರೊಟ್ಟಿ ತಟ್ಟಿ, ಎರಡೂ ಮಗ್ಗುಲು ಕಾಯಿಸಿ, ಹಪ್ಪಳದಂತೆ ಒಣಗಿಸಿ, ತೇವ ಚೂರೂ ಉಳಿಯದಂತೆ ಗಾಳಿಗೆ ನಿಲ್ಲಿಸಬೇಕು. ಶೇಂಗಾ ಹೋಳಿಗೆಯ ನಡುವೆ ಕಾಗದ ಹಾಸಬೇಕು, ಇಲ್ಲದಿದ್ದರೆ ಬಿಸಿಲಿಗೆ ಒಂದಕ್ಕೊಂದು ಅಂಟುತ್ತವೆ. ಮೊಸರನ್ನವನ್ನು ಮೊಸರಿನಲ್ಲಿ ಕಲಸಬಾರದು, ಹಾಲಿನಲ್ಲಿ ಕಲಸಿ ಒಂದು ಚಮಚ ಹೆಪ್ಪು ಹಾಕಿದರೆ ದಾರಿಯಲ್ಲಿ ಅದು ತಾನೇ ಮೊಸರಾಗುತ್ತದೆ. ಗುರೆಳ್ಳು ಚಟ್ನಿಯ ಹತ್ತಿರ ಉಳ್ಳಾಗಡ್ಡಿ ಇಡಬಾರದು. ಒಮ್ಮೆ ಬಿಚ್ಚಿದ ಗಂಟನ್ನು ದಾರಿಯಲ್ಲಿ ಮತ್ತೆ ಕಟ್ಟುವಂತಿಲ್ಲ, ಕಟ್ಟಿದವನು ಹೊರಟವನೇ ಆಗುವುದರಿಂದ ಅದು ಕೆಡುತ್ತದೆ. ಆದ್ದರಿಂದ ಹೊತ್ತಿಗೊಂದು ಗಂಟು, ಕೊನೆಯ ದಿನದ್ದು ಪೆಟ್ಟಿಗೆಯ ತಳಕ್ಕೆ, ಮೊದಲ ದಿನದ್ದು ಮೇಲೆ. ಭಾವ ಒಮ್ಮೆ ಪಟ್ಟಣದಿಂದ ಐಸ್ ಪೆಟ್ಟಿಗೆ ತಂದು ಇನ್ನು ಯಾರ ಕೈಯ ಹಂಗೂ ಬೇಡ ಎಂದು ತಾವೇ ತುಂಬಿಕೊಂಡು ಹೋದರು. ಮರುದಿನ ಸಂಜೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ವಾಪಸು ಬಂದರು. ಆ ಪೆಟ್ಟಿಗೆಯಲ್ಲಿ ಈಗ ನಾನು ಗೋಧಿ ಇಡುತ್ತೇನೆ.

ಒಂದು ವರ್ಷದ ಮಾತನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅತ್ತೆಯೊಬ್ಬರನ್ನು ಬಿಟ್ಟು ಮನೆಯವರೆಲ್ಲ ಬಯಲಿನಲ್ಲಿದ್ದಾಗ ತವರಿನಿಂದ ನನ್ನ ತಮ್ಮ ಬಂದ, ಅವ್ವನಿಗೆ ಜಾಸ್ತಿಯಾಗಿದೆ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದ. ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು, ನೀರಿಲ್ಲದ ಜಾಗದಲ್ಲಿ ಇಷ್ಟು ಜನ ಕೂತಿದ್ದಾರೆ, ನಿನ್ನ ಮಗಳೂ ಅಲ್ಲೇ ಇದ್ದಾಳೆ, ಈಗ ನೀನು ಕಲ್ಲು ದಾಟಿದರೆ ಅವರು ಏನು ತಿನ್ನಬೇಕು ಎಂದು ಕೇಳಿದರು. ಮಗಳು ಮಲ್ಲಿಕಾ ಆಗ ಇನ್ನೂ ಪುಟ್ಟ ಹುಡುಗಿ. ಗಡಿಕಲ್ಲಿನವರೆಗೆ ಹೋಗಿ ತಮ್ಮನನ್ನು ಬೀಳ್ಕೊಟ್ಟು ಬಂದೆ. ಅವ್ವ ತೀರಿಕೊಂಡ ಸುದ್ದಿ ಬಂದ ಮೇಲೆ ಬಯಲಿನಿಂದ ಜೀಪು ಬಂತು. ಭಾವ ಇಳಿದವರೇ ನನ್ನ ಮುಖ ನೋಡುವ ಮೊದಲೇ, ಈ ಸಲದ ಹುಳಿಯನ್ನ ಬಹಳ ಚಲೋ ಇತ್ತು, ನಿನ್ನ ಕೈಗುಣ ದೊಡ್ಡದು ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಮಲ್ಲಿಕಾ ಬಯಲನ್ನು ನೋಡುತ್ತಲೇ ಬೆಳೆದಳು. ಹೋದ ವರ್ಷ ಅವಳ ಕಾಲೇಜು ಮುಗಿಯಿತು. ಈ ವರ್ಷ ಸುಗ್ಗಿಯ ಹೊತ್ತಿಗೆ ಭಾವ ಊಟಕ್ಕೆ ಕೂತವರು ಬಹಳ ಉದಾರವಾಗಿ ಮಾತು ತೆಗೆದರು.

"ಲೀಲಾ, ಭಾಳ ವರ್ಷ ದುಡದಿ. ಈ ಸಲ ನೀನೂ ಬಾ ಬಯಲಿಗೆ. ಮಲ್ಲಿಕಾ ಉಳೀಲಿ, ಆಕಿ ಕೈ ನೋಡೂಣು. ನಾಳೆ ಕೊಡೂ ಮನಿಯವರೂ ಅದನ್ನ ಕೇಳ್ತಾರ."

ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿ ನನ್ನತ್ತ ನೋಡಿ ನಕ್ಕ, ಕಡೆಗೂ ನಿನ್ನ ಆಸೆ ಈಡೇರಿತಲ್ಲ ಎನ್ನುವ ಹಾಗೆ. ಮಲ್ಲಿಕಾ ನೀರು ತರುತ್ತಿದ್ದವಳು ಅಲ್ಲೇ ನಿಂತಳು. ನನ್ನ ಮೈಯೆಲ್ಲ ಉರಿಯಿತು. ನನ್ನ ಕಾಲಿನ ಸರಪಳಿ ಬಿಚ್ಚಿ ನನ್ನ ಮಗಳ ಕಾಲಿಗೆ ಹಾಕಿ, ಅದನ್ನು ನನಗೆ ಉಡುಗೊರೆ ಎಂದು ಕೊಡುತ್ತಿದ್ದರು. ಅದಕ್ಕೆ ನಾನು ಸಂತೋಷಪಡಬೇಕಿತ್ತು.

"ಭಾವಾ, ನಿಮ್ಮ ಕೈ ಯಾವತ್ತರ ಯಾರರ ನೋಡ್ಯಾರೇನು?" ಎಂದು ಕೇಳಿದೆ.

ಭಾವ ರೊಟ್ಟಿ ಮುರಿಯುತ್ತಾ ನಕ್ಕರು. ಗಂಡಸರ ಕೈಗೆ ಬುತ್ತಿ ನಿಲ್ಲುವುದಿಲ್ಲ, ಇದು ಊರಿಗೇ ಗೊತ್ತು, ಐಸ್ ಪೆಟ್ಟಿಗೆಯ ವರ್ಷ ನೀನೇ ನೋಡಲಿಲ್ಲವೇ ಎಂದರು. ತಮ್ಮ ಅಪ್ಪ ಕಟ್ಟಿಕೊಂಡು ಹೋದಾಗಲೂ ಕೆಟ್ಟಿತ್ತು, ಅಜ್ಜ ಕಟ್ಟಿಕೊಂಡು ಹೋದಾಗಲೂ ಕೆಟ್ಟಿತ್ತು ಎಂದು ವಂಶದ ಸಾಕ್ಷಿಯನ್ನೆಲ್ಲ ಕರೆದರು.

"ಎಲ್ಲಾರೂ ಕಟ್ಟಿದ್ರಿ, ಕಟಗೊಂಡು ಹೋದ್ರಿ," ಎಂದೆ ನಾನು. "ಕಟ್ಟಿಕೊಟ್ಟು ಮನ್ಯಾಗ ಉಳದವರು ನಿಮ್ಮೊಳಗ ಯಾರದಾರ?"

ನಾನು ಹೇಳಿದ್ದು ದೊಡ್ಡ ವಿಚಾರವೇನಲ್ಲ, ಆ ಮಾತು ಬಾಯಿಂದ ಹೊರಬೀಳುವವರೆಗೆ ನನಗೂ ಹೊಳೆದಿರಲಿಲ್ಲ. ಆದರೆ ಹೊರಬಿದ್ದ ಮೇಲೆ ಅದು ತಟ್ಟೆಗಳ ನಡುವೆ ಕೂತುಬಿಟ್ಟಿತು. ಆಮೇಲೆ ಭಾವ ಕೆಮ್ಮಿ, ಗಂಡಸರು ಮನೆಯಲ್ಲಿ ಕೂತರೆ ದಾರಿಯಲ್ಲಿ ಜೀಪು ಯಾರು ನೋಡಿಕೊಳ್ಳಬೇಕು, ತಾಡಪಾಲು ಯಾರು ಕಟ್ಟಬೇಕು ಎಂದು ಬೇರೆ ಮಾತಿಗೆ ಹೊರಳಿದರು. ದಾನಮ್ಮ ಮಾತ್ರ ಮುಖ ತಗ್ಗಿಸಿ ಉಪ್ಪು ಹಾಕಿಕೊಂಡಳು. ಅವಳ ತಟ್ಟೆಯಲ್ಲಿ ಉಪ್ಪು ಮೊದಲೇ ಇತ್ತು.

ಹೊರಡುವ ದಿನ ಹತ್ತಿರ ಬಂದಂತೆ ನಾನು, ಮಲ್ಲಿಕಾ ಇಬ್ಬರೂ ಸೇರಿ ಎಲ್ಲವನ್ನೂ ಮಾಡಿದೆವು. ರೊಟ್ಟಿ ತಟ್ಟುತ್ತಾ ಅವಳು, ಅವ್ವಾ ನೀನು ಹೋಗಿ ಬಾ, ನಾನು ಅದನ್ನೆಲ್ಲ ಸಾಕಷ್ಟು ಸಲ ನೋಡಿದ್ದೇನೆ ಎಂದಳು. ಅವಳ ದನಿ ಅಳುವಿನ ಅಂಚಿನಲ್ಲಿತ್ತು. ನಿನ್ನ ಕೈಯ ಹಿಟ್ಟು ತೊಳೆದುಕೋ ಎಂದೆ ನಾನು. ಬೆಳಿಗ್ಗೆ ಗಂಟು ಕಟ್ಟುವ ಹೊತ್ತಿಗೆ ಅವಳನ್ನು ಹಿತ್ತಲಿಗೆ ಕಳಿಸಿ ಎಲ್ಲ ಗಂಟುಗಳನ್ನೂ ನಾನೇ ಕಟ್ಟಿದೆ. ಭಾವ ಬಂದು ನೋಡಿ, ಇವಳು ಕಡೆಗೂ ಮಗಳಿಗಾಗಿ ತಾನೇ ಉಳಿಯುತ್ತಾಳೆ, ತಾಯಿ ಕರುಳು ಎಂದರೆ ಇದು ಎಂದು ನನ್ನ ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು. ನನ್ನ ತ್ಯಾಗವನ್ನು ನನಗಿಂತ ಮೊದಲೇ ಹೊಗಳಿ ಮುಗಿಸಿದ್ದರು.

ಜೀಪಿಗೆ ಪೆಟ್ಟಿಗೆ ಏರಿಸಿದ ಮೇಲೆ ನಾನು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಮಲ್ಲಿಕಾಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಗಡಿಕಲ್ಲಿನವರೆಗೆ ಬಂದು ಕಳಿಸುವುದು ಕಟ್ಟುಗೈಗಳ ವಾಡಿಕೆ, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಕಲ್ಲಿನ ಹತ್ತಿರ ಬೇರೆ ಬೇರೆ ಮನೆಗಳ ಕಟ್ಟುಗೈಗಳು ತಮ್ಮ ತಮ್ಮ ಜನರನ್ನು ಕಳಿಸಿ ನಿಂತಿದ್ದರು. ತುಂಗವ್ವ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಭಾವ ಜೀಪು ನಿಲ್ಲಿಸಿ, ಇಳಿ ಲೀಲಾ ಎಂದರು. ನಾನು ಇಳಿಯುವುದಿಲ್ಲ ಎಂದೆ.

ಭಾವನಿಗೆ ಮೊದಲು ತಮಾಷೆ ಅನ್ನಿಸಿತು, ಆಮೇಲೆ ಕಿವಿ ಕೆಂಪಾಯಿತು. ಬುತ್ತಿ ಕಟ್ಟಿದವಳು ನೀನು, ನೀನು ಕಲ್ಲು ದಾಟಿದರೆ ಈ ಪೆಟ್ಟಿಗೆಯಷ್ಟೂ ಗೊಬ್ಬರವಾಗುತ್ತದೆ ಎಂದು ನನಗೇ ತಿಳಿಸಿದರು. ಹಾಗಿದ್ದರೆ ಉಳಿಯುವವರು ಯಾರಾದರೂ ಬಿಚ್ಚಿ ಮತ್ತೆ ಕಟ್ಟಲಿ, ಕೊನೆಯ ಕೈಯೇ ಲೆಕ್ಕವಲ್ಲವೇ ಎಂದೆ. ಮಲ್ಲಿಕಾ ಇಳಿಯಲು ಎದ್ದಳು. ನಾನು ಅವಳ ಮುಂಗೈ ಹಿಡಿದು ಕೂರಿಸಿದೆ. ನನ್ನ ಗಂಡ ಅಣ್ಣನ ಮುಖ, ನನ್ನ ಮುಖ ಎರಡನ್ನೂ ನೋಡಿ, ಕೊನೆಗೆ ಜೀಪಿನ ಚಕ್ರದಲ್ಲಿ ಗಾಳಿ ಸರಿಯಾಗಿದೆಯೇ ಎಂದು ನೋಡಲು ಕೆಳಗಿಳಿದ. ಕಲ್ಲಿನ ಹತ್ತಿರ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಭಾವಾ, ನನ್ನ ಅವ್ವ ಸಾಯೂ ಮುಂದ ನಾ ಈ ಕಲ್ಲು ದಾಟಲಿಲ್ಲ," ಎಂದೆ. "ನಿಮ್ಮ ಹುಳಿಯನ್ನ ಹಳಸಬಾರದು ಅಂತ. ನೀವು ಬಂದು ಅನ್ನದ ರುಚಿ ಹೇಳಿದ್ರಿ. ಇನ್ನ ನನ್ನ ಮಗಳನ್ನ ಇಲ್ಲಿ ನಿಲ್ಲಸೂದಿಲ್ಲ, ನಾನೂ ನಿಲ್ಲೂದಿಲ್ಲ. ನಿಮಗ ಬುತ್ತಿ ಬೇಕಾದ್ರ ನೀವು ಕಟ್ಟಿ ನಿಲ್ರಿ."

ಅಷ್ಟು ಜನರೆದುರು ಹೀಗೆ ಮಾತು ಕೇಳಿ ಭಾವನಿಗೆ ಸುಮ್ಮನಿರಲು ಆಗಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ಉಳಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಸೊಕ್ಕು ಇಳಿಸಲೆಂದೇ ಉಳಿದರು. ಆಯಿತು, ನಾನೇ ಕಟ್ಟುತ್ತೇನೆ, ನಾನೇ ಉಳಿಯುತ್ತೇನೆ, ನಡುದಾರಿಯಲ್ಲಿ ಹಳಸಿದ ಅನ್ನ ಮುಂದಿಟ್ಟುಕೊಂಡು ಕೂತಾಗ ಗಂಡಸರ ಕೈ ಎಂಥದ್ದು ಎಂದು ತಿಳಿಯುತ್ತದೆ, ಆಗ ಹಸಿದುಕೊಂಡು ಬಾ, ಈ ಕಲ್ಲಿನ ಮೇಲೆ ಕೂತು ಕಾಯುತ್ತಿರುತ್ತೇನೆ ಎಂದರು. ಪೆಟ್ಟಿಗೆಯನ್ನು ರಸ್ತೆಯ ಮೇಲೆ ಇಳಿಸಿ ಒಂದೊಂದೇ ಗಂಟು ಬಿಚ್ಚಿ ಮತ್ತೆ ಕಟ್ಟಿದರು. ಎಮ್ಮೆ ಕಟ್ಟುವ ಗಂಟು ಹಾಕಿದರು. ಹೋಳಿಗೆ ಮುರಿದವು, ಉಳ್ಳಾಗಡ್ಡಿ ಹೋಗಿ ಚಟ್ನಿಯ ಜೊತೆ ಸೇರಿತು, ಕೊನೆಯ ದಿನದ್ದು ಮೇಲೆ ಬಂತು. ಬೇಕೆಂದೇ ಹಾಗೆ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನನ್ನ ಕೆಲಸವೆಲ್ಲ ಬೀದಿಯಲ್ಲಿ ಚೆಲ್ಲಾಪಿಲ್ಲಿಯಾಗುವುದನ್ನು ನೋಡುತ್ತಾ ಕೂತೆ.

ನನ್ನ ಗಂಡ ಸ್ಟೇರಿಂಗ್ ಹಿಡಿದ. ಜೀಪು ಕಲ್ಲು ದಾಟುವಾಗ ನಾನು ಕಣ್ಣು ಮುಚ್ಚಿಕೊಂಡೆ. ಪೆಟ್ಟಿಗೆಯಿಂದ ಹುಳಿವಾಸನೆ ಬರುತ್ತದೆಯೋ ಎಂದು ಮೂಗನ್ನೆಲ್ಲ ಹಿಂದಕ್ಕೆ ಕೊಟ್ಟು ಕೂತಿದ್ದೆ. ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಾವನ ಮಾತೇ ನಿಜವಾದರೆ ಮುಂದಿನ ವರ್ಷ ಮಲ್ಲಿಕಾ ಕಲ್ಲಿನ ಹತ್ತಿರ ನಿಲ್ಲಬೇಕಾಗುತ್ತದೆ, ಅವಳ ಪರವಾಗಿ ಆಡಲು ನನ್ನಲ್ಲಿ ಮಾತೇ ಉಳಿಯುವುದಿಲ್ಲ. ದಾರಿಯಲ್ಲಿ ಮೊದಲ ಊಟಕ್ಕೆ ಬಿಚ್ಚಿದ ಗಂಟು ಚೆನ್ನಾಗಿತ್ತು. ಅದು ಲೆಕ್ಕಕ್ಕಿಲ್ಲ, ಮೊದಲ ದಿನ ಯಾರು ಕಟ್ಟಿದರೂ ಚೆನ್ನಾಗಿರುತ್ತದೆ. ಎಲ್ಲರೂ ಮರುದಿನದ ದಾರಿ ಕಾದರು.

ಮರುದಿನ ಕೊನೆಯ ಚಹಾದ ಅಂಗಡಿ ದಾಟಿ, ಬಿಸಿಲು ನೆತ್ತಿಗೆ ಬಂದಾಗ, ಜೀಪಿನ ನೆರಳಿನಲ್ಲಿ ಕೂತು ಗಂಟು ಮುಂದಿಟ್ಟುಕೊಂಡೆ. ಭಾವನ ಎಮ್ಮೆಗಂಟು ಉಗುರಿಗೆ ಬಗ್ಗಲಿಲ್ಲ, ಹಲ್ಲಿನಿಂದ ಬಿಚ್ಚಬೇಕಾಯಿತು. ಒಳಗೆ ಮೊಸರನ್ನ ಇತ್ತು. ಕಾಳು ಕಾಳಾಗಿ, ಬೆಳ್ಳಗೆ, ತಣ್ಣಗೆ, ಒಗ್ಗರಣೆಯ ಸಾಸಿವೆಯ ಘಮ ಕೂಡ ಹೋಗಿರಲಿಲ್ಲ. ಮಲ್ಲಿಕಾ ಒಂದು ತುತ್ತು ತಿಂದು ನನ್ನ ಭುಜಕ್ಕೆ ಹಣೆ ಒತ್ತಿ ನಕ್ಕಳು. ನನ್ನ ಗಂಡ ಗಂಟಿನ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ನಾನು ಗೆದ್ದಿದ್ದೆ, ನಗಬೇಕಾಗಿತ್ತು. ಆದರೆ ನನಗೆ ಬಂದದ್ದು ಬರೀ ಸಿಟ್ಟು. ಅಷ್ಟೂ ವರ್ಷ ನನ್ನ ಕೈಗುಣ ಎಂದು ಹೊಗಳಿದ್ದು ಏನನ್ನು? ಒಣಗಿಸಿದ ರೊಟ್ಟಿಯನ್ನಲ್ಲ, ಕಾಗದ ಹಾಸಿದ ಹೋಳಿಗೆಯನ್ನಲ್ಲ. ಕೈಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾರಾದರೂ ಒಬ್ಬರು ಹಿಂದೆ ಉಳಿದರೆ ಸಾಕಾಗಿತ್ತು, ಯಾರಾದರೂ ಸರಿ, ಸಿಟ್ಟಿನಿಂದ ಉಳಿದವರಾದರೂ ಸರಿ. ಆ ವರ್ಷ ಇವರಲ್ಲಿ ಯಾರೋ ಒಬ್ಬರು ಬುತ್ತಿ ಕಟ್ಟಿಕೊಟ್ಟು ಉಳಿದಿದ್ದರೆ ಅವ್ವನ ಕೊನೆಯ ದಿನ ನಾನು ಅವಳ ಕೈ ಹಿಡಿದು ಕೂತಿರುತ್ತಿದ್ದೆ. ಅನ್ನ ತಿನ್ನುತ್ತಲೇ ಬಿಕ್ಕಿ ಬಿಕ್ಕಿ ಅಳತೊಡಗಿದೆ, ಯಾರೂ ಸಮಾಧಾನ ಹೇಳಲು ಬರಲಿಲ್ಲ. ಬಂದಿದ್ದರೆ ಬೈಯುತ್ತಿದ್ದೆ.

ಸಂಜೆಗೆ ಬಯಲು ಬಂತು. ಹೇಳಿದರೆ ತಿಳಿಯುವುದಲ್ಲ ಎಂದಿದ್ದರಲ್ಲ, ಅದೂ ಸುಳ್ಳು. ಚೆನ್ನಾಗಿ ಹೇಳಬಹುದು, ನಾನು ಹೇಳುತ್ತೇನೆ. ಕಣ್ಣು ಹಾಯುವಷ್ಟು ದೂರ ನೆಲ ಬೆಳ್ಳಗಿದೆ, ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ನಡುವೆ ಒಂದು ಕಡೆ ಮೊಳಕಾಲುದ್ದ ಉಪ್ಪುನೀರು ನಿಂತಿದೆ, ಅದರಲ್ಲಿ ಉದ್ದ ಕಾಲಿನ ಹಕ್ಕಿಗಳು ಇಳಿಯುತ್ತವೆ. ಹೊತ್ತು ಮುಳುಗುವಾಗ ಅವೆಲ್ಲ ಒಟ್ಟಿಗೆ ಏಳುತ್ತವೆ, ಆಗ ಬಿಳಿ ನೆಲದ ಮೇಲೆ ಅವುಗಳ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ. ಗಾಳಿಗೆ ತುಟಿಯ ಮೇಲೆ ಉಪ್ಪು ಕೂರುತ್ತದೆ. ಮಲಗಿದರೆ ಸುತ್ತಲೂ ಏನೂ ಅಡ್ಡವಿಲ್ಲದ್ದರಿಂದ ಆಕಾಶ ಕಿವಿಯ ಪಕ್ಕದಿಂದಲೇ ಶುರುವಾಗುತ್ತದೆ. ಇಷ್ಟೇ. ಇಷ್ಟನ್ನು ಹೇಳಲು ಇವರಿಗೆ ಬಾಯಿ ಇರಲಿಲ್ಲವೇ? ನಾನು ಆ ನೀರಿನಲ್ಲಿ ಸೀರೆ ಎತ್ತಿಕಟ್ಟಿ ನಿಂತೆ, ಕಾಲು ಚುರುಗುಟ್ಟುವವರೆಗೂ ನಿಂತೆ. ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ದಾನಮ್ಮ ಬಂದು ನನ್ನ ಪಕ್ಕದಲ್ಲಿ ನಿಂತಳು. ಹಕ್ಕಿಗಳತ್ತ ನೋಡುತ್ತಲೇ, ಮೆಲ್ಲಗೆ, ತನ್ನ ಕೈ ನೋಡಿದಾಗ ಏನಾಯಿತೆಂದು ಹೇಳಿದಳು. ಅವಳ ತವರೂ ಇದೇ ಊರು, ಅವಳ ಅಕ್ಕ ಕಟ್ಟುಗೈಯಾಗಿ ಕಲ್ಲಿನ ಆಚೆ ಏನಿದೆ ಎಂದು ನೋಡದೆ ಸತ್ತಿದ್ದಳು. ಅದಕ್ಕೇ ದಾನಮ್ಮ ಗಂಟು ಕಟ್ಟುವ ಮೊದಲು ರೊಟ್ಟಿಗಳ ನಡುವೆ ಒಂದು ಒದ್ದೆ ಬಟ್ಟೆ ಇಟ್ಟಿದ್ದಳಂತೆ, ಅನ್ನಕ್ಕೆ ಹಿಂದಿನ ದಿನದ ಹಳಸಿದ ಅನ್ನವನ್ನೇ ಕಲಸಿದ್ದಳಂತೆ.

"ನನಗೂ ಹೇಳಬೇಕಿತ್ತಲ್ಲ, ಅಕ್ಕಾ," ಎಂದೆ.

"ನಿನಗ ಹೇಳಿದ್ರ ಉಳಿಯಾವರು ಯಾರು?" ಎಂದಳು ದಾನಮ್ಮ. ಇದನ್ನು ಹೇಳುವಾಗ ಅವಳು ಅಳುತ್ತಿದ್ದಳು. ನನಗೆ ಅವಳನ್ನು ನೀರಿಗೆ ನೂಕಬೇಕೆನಿಸಿತು, ನೂಕಲಿಲ್ಲ. ಅತ್ತೆಯ ಜರೆತವನ್ನು ಅಷ್ಟು ಕಾಲ ಸಹಿಸಿಕೊಂಡಳಲ್ಲ, ಅವಳೂ ತನ್ನ ಪಾಲಿನದನ್ನು ತೆತ್ತಿದ್ದಳು. ಆದರೆ ಅವಳ ಜೊತೆ ಆ ರಾತ್ರಿಯೆಲ್ಲ ನಾನು ಮಾತಾಡಲಿಲ್ಲ.

ಬಯಲಿನಲ್ಲಿ ಯಾವ ಗಂಟೂ ಕೆಡಲಿಲ್ಲ. ಒಂದು ಗಂಟನ್ನು ಬಿಚ್ಚದೆ ಹಾಗೆಯೇ ವಾಪಸು ತಂದೆ. ಭಾವ ಬುತ್ತಿ ಕಟ್ಟಿಕೊಟ್ಟು ಉಳಿದ ಸುದ್ದಿ ಓಣಿಯಿಂದ ಓಣಿಗೆ ಹರಡಿ, ನಾವು ಬರುವ ಹೊತ್ತಿಗೆ ಗಡಿಕಲ್ಲಿನ ಹತ್ತಿರ ಅರ್ಧ ಊರು ನೆರೆದಿತ್ತು. ಭಾವ ಕಲ್ಲಿನ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಒಬ್ಬರೇ ಇದ್ದು ಇದ್ದು ಅವರ ಮುಖ ಸ್ವಲ್ಪ ಸಣ್ಣದಾದಂತೆ ಕಂಡಿತು. ಜೀಪಿನ ಸದ್ದಿಗೆ ಎದ್ದು ಬಂದವರು, ನಾನು ಪ್ರತಿ ವರ್ಷ ಅಲ್ಲೇ ನಿಂತು ಕೇಳುತ್ತಿದ್ದುದನ್ನೇ ಕೇಳಿದರು, "ಬುತ್ತಿ ಹೆಂಗಿತ್ತು?"

ನಾನು ಎಲ್ಲರೆದುರು ಗಂಟು ಬಿಚ್ಚಿದೆ. ಹಿರಿಯರೊಬ್ಬರು ಹೋಳಿಗೆಯ ಚೂರು ಮೂಸಿದರು, ತಿಂದರು, ಇನ್ನೊಂದು ಚೂರು ತೆಗೆದುಕೊಂಡರು. ಈಗಲಾದರೂ ಊರು ತನ್ನ ತಪ್ಪು ಒಪ್ಪಿಕೊಳ್ಳುತ್ತದೆ ಎಂದು ನಾನು ಕಾದು ನಿಂತೆ. ಊರು ಏನು ಹೇಳಿತು ಗೊತ್ತೇ? ಮಹಾರುದ್ರಪ್ಪನಿಗೆ ಕೈ ಇದೆ ಎಂದಿತು. ಗಂಡಸಿಗೆ ಕಟ್ಟುಗೈ ಬಂದದ್ದು ಇದೇ ಮೊದಲು, ಇದು ಸಾಮಾನ್ಯದ ಮಾತಲ್ಲ, ಆ ಮನೆತನದ ಪುಣ್ಯ ಎಂದಿತು. ಯಾರೋ ಹಾರ ತರಲು ಓಡಿದರು. ನನಗೆ ಯಾರೂ ಹಾರ ಹಾಕಿರಲಿಲ್ಲ, ಬಳೆ ಕೊಟ್ಟು ಸುಮ್ಮನಾಗಿದ್ದರು. ಗುಂಪಿನ ಅಂಚಿನಲ್ಲಿ ತುಂಗವ್ವ ಮಾತ್ರ ಆ ಹೋಳಿಗೆಯ ಚೂರನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತಿನ್ನಲಿಲ್ಲ. ಎಮ್ಮೆಗಂಟಿನ ಗುರುತಿದ್ದ ಬಟ್ಟೆಯನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಹಂಗಾರ ನಾನು ಇಷ್ಟ ವರ್ಷ ಇಲ್ಲೇ ಉಳದದ್ದು, ಲೀಲಾ?"

ಅವಳ ಕೈ ಹಿಡಿದುಕೊಂಡೆ. ಮುಂದಿನ ವರ್ಷ ನಮ್ಮ ಜೀಪಿನಲ್ಲಿ ಮುಂದಿನ ಸೀಟು ನಿನ್ನದು ಎಂದೆ. ದಾನಮ್ಮ ಆಗಲಿ ಎಂದು ತಲೆಯಾಡಿಸಿದಳು. ತುಂಗವ್ವ ತನ್ನ ಮೊಳಕಾಲು ನೋಡಿಕೊಂಡು, ಅಷ್ಟು ದೂರ ಕೂರಲು ತನ್ನಿಂದ ಆಗುತ್ತದೋ ಇಲ್ಲವೋ ಎಂದಳು.

ಭಾವನಿಗೆ ಹಾರ ಬಿದ್ದಿತು. ಹೊಗಳಿಕೆ ಕೇಳಲು ಚೆನ್ನಾಗಿಯೇ ಇತ್ತು, ಆದರೆ ಅದರೊಳಗೆ ಏನಿದೆ ಎಂದು ಅಷ್ಟು ದಿನ ಖಾಲಿ ಮನೆಯಲ್ಲಿ ಕೂತವರಿಗೆ ಅರ್ಥವಾಗತೊಡಗಿತ್ತು. ಗುಂಪು ಕರಗುವವರೆಗೆ ಕಾದು ನಾನು ಅವರ ಹತ್ತಿರ ಹೋದೆ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬಿಳಿ ಕಲ್ಲನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ನಿಮ್ಮ ಕೈಗುಣ ದೊಡ್ಡದು ಭಾವಾ, ಇನ್ನು ಮೇಲೆ ಪ್ರತಿ ವರ್ಷ ಬುತ್ತಿ ನಿಮ್ಮದೇ ಎಂದೆ. ಅವರು ಕಲ್ಲನ್ನು ಬೆರಳಿನಿಂದ ಹೊರಳಿಸಿದರು. ನೆಲ ನೋಡುತ್ತಾ, "ಈ ಸಲ ಹಕ್ಕಿ ಭಾಳ ಬಂದಿದ್ವೇನು? ಹೆಂಗಿತ್ತು ಅಲ್ಲಿ?" ಎಂದು ಕೇಳಿದರು.

ನಾನು ಮಲ್ಲಿಕಾಳನ್ನು ಕರೆದುಕೊಂಡು ಮನೆಯ ಕಡೆ ಹೊರಟವಳು ತಿರುಗಿ ನಿಂತೆ.

"ಹೇಳಿದ್ರ ತಿಳಿಯೂದಲ್ಲ, ಭಾವಾ," ಎಂದೆ. "ನೋಡಬೇಕು."